ಅಮ್ಮ ಸಣ್ಣ ಆಗಿದ್ದು ಶುಗರ್ ಕಂಟ್ರೋಲ್‌ನಿಂದಲ್ಲ

ಇವತ್ತಿನ ಎಪಿಸೋಡ್‌ನಲ್ಲಿ ಅತಿಥಿ ಯಾರೂ ಇಲ್ಲ, ನಾನೊಬ್ಬನೇ. ಬಸ್ಸಲ್ಲಿ ಕೇಳ್ತಿರೋರು, ರಾತ್ರಿ ಶಿಫ್ಟ್ ಮುಗಿಸಿ ಬಂದು ಮಲಗೋ ಮುಂಚೆ ಕೇಳ್ತಿರೋರು, ಸ್ವಲ್ಪ ಸಮಯ ಕೊಡಿ. ಇದು ನಮ್ಮನೆ ವಿಷಯ. ಆದ್ರೆ ನಿಮ್ಮನೇಲಿ ಶುಗರ್ ಇರೋರು ಒಬ್ಬರಾದ್ರೂ ಇದ್ರೆ ನಿಮ್ಮ ವಿಷಯನೂ ಹೌದು. ಇಲ್ಲದ ಮನೆ ಯಾವುದಿದೆ ಹೇಳಿ?

ನಮ್ಮೂರು ಮಧುರೆ. ತಮಿಳುನಾಡಿನ ಮಧುರೈ ಅಲ್ಲ. ಊರ ಹೆಸರು ಹೇಳಿದಾಗಲೆಲ್ಲ "ಮೀನಾಕ್ಷಿ ದೇವಸ್ಥಾನ ಇರೋದಲ್ವಾ" ಅಂತ ಕೇಳೋರು ಸಿಕ್ತಾರೆ. ನಮ್ಮದು ದೊಡ್ಡಬಳ್ಳಾಪುರ ತಾಲ್ಲೂಕಿನ ಹೋಬಳಿ, ನೆಲಮಂಗಲ ಕಡೆ ಹೋಗೋ ರಸ್ತೇಲಿ. ಶನಿ ಮಹಾತ್ಮನ ದೇವಸ್ಥಾನಕ್ಕೆ ಬಂದಿದ್ರೆ ನೀವು ನಮ್ಮೂರು ನೋಡಿದೀರ ಅಂತಾನೇ ಅರ್ಥ. ಶನಿವಾರ ಬಂತು ಅಂದ್ರೆ ರಸ್ತೆ ತುಂಬ ಕಾರು, ಎಳ್ಳೆಣ್ಣೆ ದೀಪದ ವಾಸನೆ. ಈ ಶನಿವಾರದ ವಿಷಯಕ್ಕೆ ಆಮೇಲೆ ಬರ್ತೀನಿ.

ನಮ್ಮ ಚಿಕ್ಕಪ್ಪ ದೊಡ್ಡಬಳ್ಳಾಪುರದಲ್ಲಿ ಮಗ್ಗದ ಕೆಲಸ ಮಾಡ್ತಿದ್ರು. ಪವರ್ ಲೂಮ್. ಅಲ್ಲೇ ಮಗ್ಗದ ಮನೆಯಲ್ಲೇ ವಾಸ, ಭಾನುವಾರ ಮಾತ್ರ ನಮ್ಮನೆಗೆ ಬರೋರು. ಒಂದು ಸಲ ಕೆಮ್ಮು ಹಿಡ್ಕೊಳ್ತು, ಬಿಡಲೇ ಇಲ್ಲ. ಕೆಲಸ ಬಿಟ್ಟು ನಮ್ಮನೇಲೇ ಬಂದು ಇದ್ರು. ಕಫ ಪರೀಕ್ಷೆ ಮಾಡಿಸಿದಾಗ ಟಿಬಿ. ಆರು ತಿಂಗಳು ಮಾತ್ರೆ ತಗೊಂಡ್ರು, ಈಗ ಆರಾಮಾಗಿದಾರೆ, ಮತ್ತೆ ಮಗ್ಗಕ್ಕೆ ಹೋಗ್ತಿದಾರೆ. ಈ ಕಥೆ ಅವರದ್ದಲ್ಲ.

ಅವರಿಗೆ ಟಿಬಿ ಅಂತ ಗೊತ್ತಾದ ವಾರದಲ್ಲೇ ಆಶಾ ಕಾರ್ಯಕರ್ತೆ ಮನೆಗೆ ಬಂದ್ರು. ಜೊತೇಲಿ ಟಿಬಿ ವಿಭಾಗದ ಇನ್ನೊಬ್ಬರು. ಮನೇಲಿ ಯಾರ್‍ಯಾರಿದ್ದೀರಿ, ಕೆಮ್ಮು ಇದೆಯಾ, ಜ್ವರ ಇದೆಯಾ, ತೂಕ ಇಳಿದಿದೆಯಾ ಅಂತ ಕೇಳಿ ಬರ್ಕೊಂಡ್ರು. ಕೊನೆಗೆ, "ನಿಮಗ್ಯಾರಿಗೂ ಈಗ ಕಾಯಿಲೆ ಇಲ್ಲ ಅನ್ಸುತ್ತೆ, ಎಕ್ಸ್‌ರೇ ಒಂದು ಮಾಡಿಸಿ. ಅದರಲ್ಲೂ ಏನೂ ಇಲ್ಲ ಅಂದ್ರೆ ಕಾಯಿಲೆ ಬರದ ಹಾಗೆ ತಡಿಯೋ ಮಾತ್ರೆ ಕೊಡ್ತೀವಿ" ಅಂದ್ರು.

ಅಮ್ಮ ನಕ್ಕುಬಿಟ್ರು. "ಕಾಯ್ಲೇನೇ ಇಲ್ದೋರ್ಗೆ ಮಾತ್ರೆ ಯಾಕಮ್ಮ? ಇರೋ ಶುಗರ್ ಮಾತ್ರೇನೇ ಸಾಕಾಗೈತೆ ನಂಗೆ."

ಆಶಾ ಅಕ್ಕ ನನ್ನ ಮುಖ ನೋಡಿದ್ರು. ಓದಿದ ಹುಡುಗ, ಇವನಾದ್ರೂ ಹೇಳ್ತಾನೆ ಅಂತ. ನಾನು ಏನು ಹೇಳ್ದೆ ಗೊತ್ತಾ? "ಬಿಡಿ ಅಕ್ಕ, ಆಮೇಲೆ ನೋಡೋಣ. ಸುಮ್ನೆ ಲಿವರ್‌ಗೆ ಯಾಕೆ ಭಾರ." ಲಿವರ್ ಬಗ್ಗೆ ನಾನು ಎಲ್ಲೋ ಒಂದು ರೀಲ್ಸ್ ನೋಡಿದ್ದೆ. ಅಷ್ಟೇ ನನ್ನ ವಿದ್ಯೆ.

ಆ ಮಾತ್ರೆ ಯಾಕೆ ಅಂತ ನಾನು ಅವತ್ತು ಕೇಳಬೇಕಿತ್ತು. ಇವತ್ತು ನಿಮಗೆ ಹೇಳ್ತೀನಿ.

ಟಿಬಿ ರೋಗಾಣು ಗಾಳಿಯಲ್ಲಿ ಬರುತ್ತೆ. ಕಾಯಿಲೆ ಇರೋರು ಕೆಮ್ಮಿದಾಗ, ಮುಚ್ಚಿದ ಕೋಣೇಲಿ ಒಟ್ಟಿಗಿರೋರು ಅದನ್ನ ಉಸಿರಾಡ್ತಾರೆ. ಆದ್ರೆ ಒಳಗೆ ಹೋದ ತಕ್ಷಣ ಎಲ್ಲರಿಗೂ ಕಾಯಿಲೆ ಬರಲ್ಲ. ಶ್ವಾಸಕೋಶದಲ್ಲಿ ಮ್ಯಾಕ್ರೋಫೇಜ್ ಅನ್ನೋ ಕಾವಲು ಜೀವಕೋಶಗಳಿರ್ತವೆ, ಅವು ರೋಗಾಣುವನ್ನ ನುಂಗ್ತವೆ. ಕೊಲ್ಲೋಕೆ ಆಗದಿದ್ರೆ ಇನ್ನಷ್ಟು ಜೀವಕೋಶಗಳು ಬಂದು ಸುತ್ತ ಗೋಡೆ ಕಟ್ತವೆ. ರೋಗಾಣು ಅದರೊಳಗೆ ಸಾಯದೆ, ಬೆಳೆಯದೆ ಹಾಗೇ ಇರುತ್ತೆ. ಬೂದಿ ಮುಚ್ಚಿದ ಕೆಂಡ ಅಂತೀವಲ್ಲ, ಥೇಟ್ ಹಾಗೆ. ಇದಕ್ಕೆ ಸುಪ್ತ ಟಿಬಿ ಸೋಂಕು ಅಂತಾರೆ. ಕೆಮ್ಮಿರಲ್ಲ, ಜ್ವರ ಇರಲ್ಲ, ಎಕ್ಸ್‌ರೇ ಸರಿಯಾಗೇ ಇರುತ್ತೆ, ಇನ್ನೊಬ್ಬರಿಗೆ ಹರಡೋದೂ ಇಲ್ಲ. ಇದನ್ನ ಎರಡು ಸಲ ಹೇಳ್ತೀನಿ, ಯಾಕಂದ್ರೆ ನಮ್ಮ ಬೀದೀಲಿ ಇದೇ ದೊಡ್ಡ ಗಲಾಟೆ ಆಗಿತ್ತು: ಸುಪ್ತ ಸೋಂಕು ಇರೋರಿಂದ ಯಾರಿಗೂ ಟಿಬಿ ಹರಡಲ್ಲ.

ಇಂಥವರು ಎಷ್ಟು ಜನ? ಜಗತ್ತಿನಲ್ಲಿ ಹೆಚ್ಚುಕಡಿಮೆ ನಾಲ್ಕರಲ್ಲಿ ಒಬ್ಬರು. ನಮ್ಮ ದೇಶದಲ್ಲಿ 2019ರಿಂದ 2021ರವರೆಗೆ ರಾಷ್ಟ್ರಮಟ್ಟದ ಟಿಬಿ ಸಮೀಕ್ಷೆ ಆಯ್ತು. 15 ವರ್ಷ ದಾಟಿದವರಲ್ಲಿ ಸುಮಾರು ಶೇ 31 ಜನರಿಗೆ ಈ ಸೋಂಕಿತ್ತು. ಅಂದ್ರೆ ನೀವು ಈಗ ಕೂತಿರೋ ಬಸ್ಸಲ್ಲೇ ಮೂರು ಸೀಟಿಗೊಬ್ಬರು. ನಾನೂ ಆಗಿರಬಹುದು, ನೀವೂ ಆಗಿರಬಹುದು. ಗಾಬರಿ ಬೇಡ. ಸೋಂಕಿರೋ ನೂರು ಜನರಲ್ಲಿ ಇಡೀ ಆಯಸ್ಸಿನಲ್ಲಿ ಐದರಿಂದ ಹತ್ತು ಜನಕ್ಕೆ ಮಾತ್ರ ಕಾಯಿಲೆ ಬರುತ್ತೆ. ಸೋಂಕು ತಗುಲಿದ ಮೊದಲ ಎರಡು ವರ್ಷದಲ್ಲಿ ಅಪಾಯ ಹೆಚ್ಚು, ಆಮೇಲೆ ಕಡಿಮೆ.

ಹಾಗಾದ್ರೆ ಬೂದಿ ಹಾರೋದು ಯಾವಾಗ? ದೇಹದ ಕಾವಲು ಸಡಿಲ ಆದಾಗ. ಎಚ್‌ಐವಿ, ಹೊಟ್ಟೆಗೆ ಸರಿಯಾಗಿ ಇಲ್ಲದಿರೋದು, ಬೀಡಿ ಸಿಗರೇಟು, ಕುಡಿತ. ಈ ಪಟ್ಟಿ ಎಲ್ಲರಿಗೂ ಗೊತ್ತು. ಪಟ್ಟಿಯಲ್ಲಿ ಶುಗರ್ ಇದೆ ಅಂತ ನಮ್ಮನೇಲಿ ಯಾರಿಗೂ ಗೊತ್ತಿರಲಿಲ್ಲ.

ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಜಾಸ್ತಿ ಇದ್ರೆ ಆ ಕಾವಲು ಜೀವಕೋಶಗಳು ಮಂಕಾಗ್ತವೆ. ರೋಗಾಣು ಬಂದಿದೆ ಅಂತ ಸುದ್ದಿ ಮುಟ್ಟಿಸೋದು ತಡ, ಸಹಾಯಕ್ಕೆ ಬರೋದು ತಡ, ಬಂದಮೇಲೂ ಕೆಲಸ ಅಷ್ಟಕ್ಕಷ್ಟೆ. 2008ರಲ್ಲಿ ಬೇರೆ ಬೇರೆ ದೇಶಗಳ 13 ಅಧ್ಯಯನಗಳನ್ನ ಒಟ್ಟಿಗೆ ಇಟ್ಟು ಲೆಕ್ಕ ಹಾಕಿದಾಗ, ಡಯಾಬಿಟಿಸ್ ಇರೋರಿಗೆ ಟಿಬಿ ಕಾಯಿಲೆ ಬರೋ ಅಪಾಯ ಇಲ್ಲದವರಿಗಿಂತ ಸುಮಾರು ಮೂರು ಪಟ್ಟು ಅಂತ ಸಿಕ್ತು.

ಇಲ್ಲಿ ಒಂದು ಸೂಕ್ಷ್ಮ ಇದೆ, ಬಹಳ ಕಡೆ ಕಲಸುಮೇಲೋಗರ ಮಾಡ್ತಾರೆ. ಶುಗರ್ ಇದ್ರೆ ಸೋಂಕು ತಗುಲೋದೇ ಮೂರು ಪಟ್ಟು ಅಂತಲ್ಲ. ಸುಪ್ತ ಸೋಂಕು ಶುಗರ್ ಇರೋರಲ್ಲಿ ಸ್ವಲ್ಪ ಜಾಸ್ತಿ ಕಾಣುತ್ತೆ, ಆದ್ರೆ ಆ ವ್ಯತ್ಯಾಸ ಚಿಕ್ಕದು. ದೊಡ್ಡ ವ್ಯತ್ಯಾಸ ಇರೋದು ಮಲಗಿದ್ದು ಏಳೋದರಲ್ಲಿ. ಎಲ್ಲರ ಮನೆ ಒಲೇಲೂ ಕೆಂಡ ಇದ್ದಂಗೇ ಇದೆ, ಈ ಮನೇಲಿ ಗಾಳಿ ಜಾಸ್ತಿ.

ಇದು ಹೊಸ ಸುದ್ದಿಯೂ ಅಲ್ಲ. 1921ರಲ್ಲಿ ಇನ್ಸುಲಿನ್ ಕಂಡುಹಿಡಿಯೋಕೆ ಮುಂಚೆ, ಡಯಾಬಿಟಿಸ್ ಇದ್ದವರ ಪ್ರಾಣ ತೆಗೀತಿದ್ದ ದೊಡ್ಡ ಕಾರಣಗಳಲ್ಲಿ ಟಿಬಿ ಒಂದಾಗಿತ್ತು. ಆಮೇಲೆ ಇನ್ಸುಲಿನ್ ಬಂತು, ಟಿಬಿಗೆ ಔಷಧಿ ಬಂತು, ಶ್ರೀಮಂತ ದೇಶಗಳು ಈ ಜೋಡಿಯನ್ನ ಮರೆತೇಬಿಟ್ವು. ನಮಗೆ ಮರೆಯೋ ಅನುಕೂಲ ಇಲ್ಲ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಪ್ರಕಾರ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನಕ್ಕೆ ಡಯಾಬಿಟಿಸ್ ಇದೆ, ಇನ್ನೂ 13 ಕೋಟಿಗೂ ಹೆಚ್ಚು ಜನ ಅದರ ಹೊಸ್ತಿಲಲ್ಲಿದ್ದಾರೆ. ಜಗತ್ತಿನಲ್ಲೇ ಅತಿ ಹೆಚ್ಚು ಟಿಬಿ ಇರೋ ದೇಶವೂ ನಮ್ಮದೇ.

ಸರಿ, ಅಮ್ಮನ ಕಡೆ ಬರ್ತೀನಿ.

ಚಿಕ್ಕಪ್ಪ ವಾಸಿಯಾಗಿ ಹೋದ ಮೇಲೆ ನಾವು ಇದನ್ನೆಲ್ಲ ಮರೆತ್ವಿ. ಒಂದು ವರ್ಷದ ಮೇಲೆ ಆಗಿತ್ತು. ಅಮ್ಮ ಸಣ್ಣ ಆಗೋಕೆ ಶುರು ಆದ್ರು. ಅವರಿಗೆ ಹನ್ನೊಂದು ವರ್ಷದಿಂದ ಶುಗರ್. ಮುದ್ದೆ ಚಿಕ್ಕದು ಮಾಡಿ, ಅನ್ನ ಬಿಡಿ, ವಾಕಿಂಗ್ ಹೋಗಿ ಅಂತ ಡಾಕ್ಟರ್ ಹೇಳಿ ಹೇಳಿ ಸುಸ್ತಾಗಿದ್ರು. ಈಗ ತಾನಾಗೇ ತೂಕ ಇಳೀತಿದೆ! ಮದುವೆಮನೇಲಿ ನೆಂಟರೆಲ್ಲ "ಏನವ್ವ, ಶುಗರ್ ಕಂಟ್ರೋಲ್‌ಗೆ ಬಂದಂಗೈತೆ, ಹುಡುಗಿ ಆಗ್ಬಿಟ್ಟಿದೀಯ" ಅಂದ್ರು. ಅಮ್ಮಂಗೂ ಖುಷಿ. ನಾನು ಫೋಟೋ ತೆಗೆದು ಸ್ಟೇಟಸ್ ಹಾಕ್ದೆ. ಆ ಫೋಟೋ ಇನ್ನೂ ಫೋನಲ್ಲಿದೆ. ಈಗ ನೋಡಿದ್ರೆ ಕತ್ತಿನ ಮೂಳೆ ಎದ್ದು ಕಾಣುತ್ತೆ. ಅವತ್ತು ನನಗೆ ಸೀರೆ ಮಾತ್ರ ಕಂಡಿತ್ತು.

ಆಯಾಸ ಅಂದ್ರು, ಶುಗರ್ ಅಂದ್ಕೊಂಡ್ವಿ. ರಾತ್ರಿ ಬೆವರು ಅಂದ್ರು, ಬೇಸಿಗೆ ಅಂದ್ಕೊಂಡ್ವಿ. ಕೆಮ್ಮು ಬಂದಾಗ ಒಂದು ಖಾಸಗಿ ಕ್ಲಿನಿಕ್‌ಗೆ ಹೋದ್ವಿ, ಹೆಸರು ಬೇಡ. ಅಲ್ಲಿ ಸಿರಪ್ ಕೊಟ್ರು. ಹತ್ತು ದಿನ ಬಿಟ್ಟು ಹೋದ್ರೆ ಇನ್ನೊಂದು ಸಿರಪ್, ಜೊತೆಗೆ ಆಂಟಿಬಯಾಟಿಕ್. ಮೂರನೇ ಸಲ ಸಿರಪ್ಪಿನ ಬಣ್ಣ ಬದಲಾಯ್ತು. ಶುಗರ್ ಇದೆ ಅಂತ ಹೇಳಿದ್ವಿ. ಮನೇಲಿ ಟಿಬಿ ಇದ್ದವರಿದ್ರು ಅಂತ ನಾವು ಹೇಳಲಿಲ್ಲ, ಅವರೂ ಕೇಳಲಿಲ್ಲ.

ಇದರಲ್ಲಿ ಒಂದು ವಿಚಿತ್ರ ನೋಡಿ. ನಮ್ಮ ಪಕ್ಕದ ತುಮಕೂರು ಜಿಲ್ಲೇಲಿ 1960ರ ದಶಕದ ಆರಂಭದಲ್ಲೇ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಅನ್ನೋ ಇಬ್ಬರು ಸಂಶೋಧಕರು ಹಳ್ಳಿಗಳಿಗೆ ಹೋಗಿ ಟಿಬಿ ರೋಗಿಗಳನ್ನ ಮಾತಾಡಿಸಿದ್ರು. ಹಳ್ಳಿಯವರಿಗೆ ಅರಿವಿಲ್ಲ, ಅದಕ್ಕೇ ಆಸ್ಪತ್ರೆಗೆ ಬರಲ್ಲ ಅನ್ನೋದು ಆಗಿನ ನಂಬಿಕೆ. ಇವರು ಕಂಡದ್ದು ಬೇರೆ. ಅರ್ಧದಷ್ಟು ರೋಗಿಗಳು ಆಗಲೇ ಆಸ್ಪತ್ರೆಗೆ ಹೋಗಿ ಬಂದಿದ್ರು, ಅಲ್ಲಿ ಕೆಮ್ಮಿನ ಔಷಧಿ ಬಾಟ್ಲಿ ಕೊಟ್ಟು ಕಳಿಸಿದ್ರು. ಅರವತ್ತು ವರ್ಷ ಆಯ್ತು. ಬಾಟ್ಲಿ ಆಗ ಗಾಜಿಂದು, ಈಗ ಪ್ಲಾಸ್ಟಿಕ್.

ಅವರಿಬ್ಬರೂ ಕೆಲಸ ಮಾಡ್ತಿದ್ದದ್ದು ಬೆಂಗಳೂರಿನ ರಾಷ್ಟ್ರೀಯ ಟಿಬಿ ಸಂಸ್ಥೇಲಿ. ದೊಡ್ಡಬಳ್ಳಾಪುರದಿಂದ ಯಲಹಂಕ, ಹೆಬ್ಬಾಳ ದಾಟಿ ಮೆಜೆಸ್ಟಿಕ್‌ಗೆ ಹೋಗುವಾಗ ಬಳ್ಳಾರಿ ರಸ್ತೇಲೇ ಇದೆ, 1960ರಲ್ಲಿ ನೆಹರೂ ಉದ್ಘಾಟನೆ ಮಾಡಿದ್ದು. ನಾನು ಕಾಲೇಜಿಗೆ ಹೋಗುವಾಗ ನೂರಾರು ಸಲ ಅದರ ಮುಂದೆ ಹಾದುಹೋಗಿದೀನಿ, ಒಂದಿನ ಬೋರ್ಡ್ ಓದಿರಲಿಲ್ಲ. ಅದೇ ಸಂಸ್ಥೆ 1961ರಿಂದ 1968ರವರೆಗೆ ಆಗಿನ ಬೆಂಗಳೂರು ಜಿಲ್ಲೆಯ 119 ಹಳ್ಳಿಗಳಲ್ಲಿ ನಾಲ್ಕು ಸುತ್ತು ಸಮೀಕ್ಷೆ ಮಾಡ್ತು. ಮನೆಮನೆಗೆ ಹೋಗಿ ಚರ್ಮದ ಪರೀಕ್ಷೆ, ಎಕ್ಸ್‌ರೇ, ಕಫ. ಚಿಕಿತ್ಸೆ ಸರಿಯಾಗಿ ತಲುಪದ ಕಾಲ ಅದು. ಕಫದಲ್ಲಿ ರೋಗಾಣು ಸಿಕ್ಕವರು ಐದು ವರ್ಷದ ನಂತರ ಏನಾದ್ರು ಅಂತ ನೋಡಿದ್ರೆ, ಅರ್ಧದಷ್ಟು ಜನ ತೀರಿಕೊಂಡಿದ್ರು. ಮೂರನೇ ಒಂದು ಭಾಗ ತಾವಾಗೇ ವಾಸಿಯಾಗಿದ್ರು. ಉಳಿದವರು ಕೆಮ್ಮುತ್ತಲೇ ಇದ್ರು. ಟಿಬಿ ಬಗ್ಗೆ ಜಗತ್ತಿನಲ್ಲಿ ಎಲ್ಲಿ ಓದಿದ್ರೂ ಈ ಲೆಕ್ಕ ಬರುತ್ತೆ, ಅದು ನಮ್ಮ ಸುತ್ತಮುತ್ತಲ ಹಳ್ಳಿಯವರ ಲೆಕ್ಕ. ನಮ್ಮ ಅಜ್ಜ ಅಜ್ಜಿಯರ ತಲೆಮಾರಿನದ್ದು.

ಕೊನೆಗೆ ಅಮ್ಮನ್ನ ಕರ್ಕೊಂಡು ಹೋಗಿದ್ದು ಅದೇ ಆಶಾ ಅಕ್ಕ. ಬೇರೆ ಯಾರದ್ದೋ ಬಾಣಂತಿ ಮನೆಗೆ ಬಂದಿದ್ದವರು ಅಮ್ಮನ್ನ ನೋಡಿ, ನಾನು ಮನೇಲಿಲ್ಲದಾಗ, ನೇರ ಕಫದ ಡಬ್ಬಿ ಕೊಟ್ಟು "ಬೆಳಿಗ್ಗೆ ಎದ್ದ ತಕ್ಷಣ ಇದರಲ್ಲಿ ಕೊಡಿ ಅಮ್ಮ" ಅಂದಿದಾರೆ. ಟ್ರೂನಾಟ್ ಅನ್ನೋ ಯಂತ್ರದಲ್ಲಿ ಪರೀಕ್ಷೆ ಆಯ್ತು. ಆ ತಂತ್ರಜ್ಞಾನ ಬೆಳೆಸಿದ್ದೂ ಬೆಂಗಳೂರಿನವರೇ ಅಂತ ಆಮೇಲೆ ಗೊತ್ತಾಯ್ತು. ಫಲಿತಾಂಶ ಪಾಸಿಟಿವ್. ಅವತ್ತೇ ಶುಗರ್ ನೋಡಿದ್ರೆ ಊಟಕ್ಕೆ ಮುಂಚೆ 268. ಕಂಟ್ರೋಲ್ ಅಂತೆ ಕಂಟ್ರೋಲ್!

ಈ ಎರಡು ಕಾಯಿಲೆ ಒಂದರ ವೇಷ ಇನ್ನೊಂದು ಹಾಕುತ್ತೆ. ಎರಡರಲ್ಲೂ ತೂಕ ಇಳಿಯುತ್ತೆ, ಎರಡರಲ್ಲೂ ಸುಸ್ತು. ಜೊತೆಗೆ ಟಿಬಿ ಬಂದಾಗ ದೇಹಕ್ಕಾಗೋ ಒತ್ತಡದಿಂದ ಸಕ್ಕರೆ ಇನ್ನೂ ಏರುತ್ತೆ, ಏರಿದ ಸಕ್ಕರೆಯಿಂದ ಟಿಬಿ ಇನ್ನೂ ಹೆಚ್ಚುತ್ತೆ. ಮಾಮೂಲಾಗಿ ಟಿಬಿ ಶ್ವಾಸಕೋಶದ ಮೇಲ್ಭಾಗದಲ್ಲಿ ಕಾಣೋದು. ಶುಗರ್ ಇರೋರಲ್ಲಿ ಕೆಳಭಾಗದಲ್ಲೂ ಕಾಣಬಹುದು, ಅದನ್ನ ನ್ಯುಮೋನಿಯಾ ಅಂದ್ಕೊಳ್ಳೋದೂ ಉಂಟು. ಅಮ್ಮನ ಎಕ್ಸ್‌ರೇಯಲ್ಲಿ ಕೆಳಗೇ ಇತ್ತು.

ಚಿಕಿತ್ಸೆಯಲ್ಲೂ ಜಗಳ. ಟಿಬಿ ಮಾತ್ರೆಯಲ್ಲಿ ರಿಫಾಂಪಿಸಿನ್ ಅಂತ ಇರುತ್ತೆ, ಮೂತ್ರ ಕೇಸರಿ ಬಣ್ಣ ಆಗುತ್ತಲ್ಲ ಅದು. ಅದು ಲಿವರ್‌ಗೆ ಬೇರೆ ಔಷಧಿಗಳನ್ನ ಬೇಗ ಬೇಗ ಕರಗಿಸೋ ಚುರುಕು ಕೊಡುತ್ತೆ. ಅಮ್ಮ ತಗೊಳ್ತಿದ್ದ ಗ್ಲಿಮೆಪಿರೈಡ್ ಅದರ ಜೊತೆ ಸರಿಯಾಗಿ ಕೆಲಸ ಮಾಡ್ಲಿಲ್ಲ. ಡಾಕ್ಟರ್ ಇನ್ಸುಲಿನ್‌ಗೆ ಬದಲಾಯಿಸಿದ್ರು. ಐಸೋನಿಯಾಜಿಡ್ ಅನ್ನೋ ಇನ್ನೊಂದು ಮಾತ್ರೆಯಿಂದ ಪಾದ ಜುಮ್ಮೆನ್ನಬಹುದು. ಶುಗರ್‌ನಿಂದ ಅಮ್ಮನ ಪಾದ ಮೊದಲೇ ಜುಮ್ಮೆನ್ನುತ್ತಿತ್ತು, ಹಾಗಾಗಿ ಬಿ6 ವಿಟಮಿನ್ ಸೇರಿಸಿದ್ರು. ನಿಮ್ಮನೇಲಿ ಯಾರಾದ್ರೂ ಎರಡಕ್ಕೂ ಮಾತ್ರೆ ತಗೊಳ್ತಿದ್ರೆ ಎರಡೂ ಕಡೆ ಡಾಕ್ಟರ್‌ಗೆ ಎರಡೂ ಚೀಟಿ ತೋರಿಸಿ. ನೀವೇ ಲೆಕ್ಕ ಹಾಕಿ ಯಾವುದನ್ನೂ ನಿಲ್ಲಿಸಬೇಡಿ.

ಊಟದ್ದೇ ದೊಡ್ಡ ಪರದಾಟ. ಟಿಬಿಗೆ ಚೆನ್ನಾಗಿ ತಿನ್ನಿ ಅಂತಾರೆ, ಶುಗರ್‌ಗೆ ಕಡಿಮೆ ತಿನ್ನಿ ಅಂತಾರೆ. ಅಮ್ಮ ನಡುವೆ ಸಿಕ್ಕಿಹಾಕ್ಕೊಂಡು "ತಿನ್ಲಾ, ಬಿಡ್ಲಾ?" ಅಂತ ನನ್ನ ಕೇಳೋರು. ಮೊಟ್ಟೆ, ಕಾಳು, ಹಾಲು, ಸೊಪ್ಪಿನ ಸಾರು ಜಾಸ್ತಿ, ಅನ್ನ ಅಳತೇಲಿ ಅಂತ ಕೊನೆಗೆ ಒಂದು ದಾರಿ ಆಯ್ತು. ಸರ್ಕಾರದಿಂದ ಟಿಬಿ ರೋಗಿಗಳಿಗೆ ಊಟಕ್ಕೆ ಅಂತ ತಿಂಗಳಿಗೆ 500 ರೂಪಾಯಿ ಬರ್ತಿತ್ತು, 2024ರ ನವೆಂಬರ್‌ನಿಂದ 1000 ಆಗಿದೆ. ಊಟ ಎಷ್ಟು ಮುಖ್ಯ ಅಂತ ತೋರಿಸಿದವರಲ್ಲೂ ನಮ್ಮ ರಾಜ್ಯದವರಿದ್ದಾರೆ. ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ ಜಾರ್ಖಂಡ್‌ನಲ್ಲಿ ನಡೆಸಿದ ಅಧ್ಯಯನ 2023ರಲ್ಲಿ ಬಂತು. ಟಿಬಿ ರೋಗಿಯ ಮನೆಯವರಿಗೂ ಅಕ್ಕಿ ಬೇಳೆ ಕೊಟ್ಟಾಗ, ಆ ಮನೆಗಳಲ್ಲಿ ಹೊಸದಾಗಿ ಟಿಬಿ ಬರೋದು ಸುಮಾರು ಶೇ 40ರಷ್ಟು ಕಮ್ಮಿ ಆಯ್ತು.

ಈಗ ಒಂದು ಪ್ರಶ್ನೆ ಬರುತ್ತೆ, ನನ್ನ ಗೆಳೆಯನೂ ಕೇಳ್ದ. ಹಾಗಾದ್ರೆ ಶುಗರ್ ಇರೋ ಎಲ್ಲರಿಗೂ ಸುಪ್ತ ಟಿಬಿ ಪರೀಕ್ಷೆ ಮಾಡಿ ಮಾತ್ರೆ ಕೊಟ್ಟುಬಿಡಬಹುದಲ್ವಾ? ವಿಶ್ವ ಆರೋಗ್ಯ ಸಂಸ್ಥೆ ಹಾಗೆ ಹೇಳಲ್ಲ. ಬರೀ ಡಯಾಬಿಟಿಸ್ ಇದೆ ಅನ್ನೋ ಒಂದೇ ಕಾರಣಕ್ಕೆ ಎಲ್ಲರಿಗೂ ಕೊಡಿ ಅಂತ ಇಲ್ಲ. ಹತ್ತು ಕೋಟಿ ಜನ, ಅದರಲ್ಲಿ ಮೂರನೇ ಒಂದು ಭಾಗಕ್ಕೆ ಸೋಂಕು ಅಂದ್ರೂ ಬಹುತೇಕರಿಗೆ ಕಾಯಿಲೆ ಬರಲ್ಲ. ಅಷ್ಟು ಜನಕ್ಕೆ ಮಾತ್ರೆ ಕೊಟ್ರೆ ಕೆಲವರಿಗೆ ನಿಜವಾಗಿ ಲಿವರ್ ತೊಂದರೆ ಆಗುತ್ತೆ. ಅದರಲ್ಲೂ ಸುಪ್ತ ಸೋಂಕಿಗೆ ಇರೋ ಪರೀಕ್ಷೆಗಳು, ಅಂದ್ರೆ ತೋಳಿಗೆ ಚುಚ್ಚೋ ಮಾಂಟೂ, ರಕ್ತದಲ್ಲಿ ಮಾಡೋ ಇಗ್ರಾ, ಇವು ಸೋಂಕಿದೆ ಅಂತ ಹೇಳಬಹುದು. ಯಾರಲ್ಲಿ ಏಳುತ್ತೆ ಅಂತ ಹೇಳೋಕೆ ಅವಕ್ಕೆ ಬರಲ್ಲ. ಈ ವಾದ ನನಗೆ ಒಪ್ಪಿಗೆ.

ಆದ್ರೆ ಅಮ್ಮನ ಪ್ರಶ್ನೆ ಅದಾಗಿರಲಿಲ್ಲ. ಅವರು ಬರೀ ಶುಗರ್ ಇದ್ದವರಲ್ಲ, ಟಿಬಿ ರೋಗಿ ಇದ್ದ ಮನೆಯವರು. 2021ರಿಂದ ನಮ್ಮ ದೇಶದ ನಿಯಮದಲ್ಲಿ ರೋಗಿಯ ಮನೆಯಲ್ಲಿರೋ ದೊಡ್ಡವರಿಗೂ ತಡೆ ಮಾತ್ರೆ ಕೊಡಬಹುದು. ಹತ್ತಿರದಿಂದ, ಇತ್ತೀಚೆಗೆ ಸೋಂಕು ತಗುಲಿರೋ ಸಾಧ್ಯತೆ, ಮೇಲೆ ಹನ್ನೊಂದು ವರ್ಷದ ಶುಗರ್. ಇಂಥ ಮನೆಗೆ ಹೋದಾಗ ಮೊದಲು ಶುಗರ್ ಇರೋರು ಯಾರು ಅಂತ ಕೇಳಿ, ಅವರ ಹತ್ತಿರ ಹತ್ತು ನಿಮಿಷ ಜಾಸ್ತಿ ಕೂತು ಮಾತಾಡಬೇಕು ಅನ್ನೋದು ನನ್ನ ಅಭಿಪ್ರಾಯ. ಟಿಬಿ ಬಂದವರಿಗೆಲ್ಲ ಶುಗರ್ ಪರೀಕ್ಷೆ, ಶುಗರ್ ಇರೋರಿಗೆಲ್ಲ ಟಿಬಿ ಲಕ್ಷಣದ ವಿಚಾರಣೆ ಅಂತ 2017ರಲ್ಲೇ ಕೇಂದ್ರ ಸರ್ಕಾರದ ಮಾರ್ಗಸೂಚಿ ಬಂದಿದೆ. ಮೊದಲನೇದು ಚೆನ್ನಾಗಿ ನಡೀತಿದೆ, ನನ್ನ ಚಿಕ್ಕಪ್ಪನಿಗೂ ಮಾಡಿದ್ರು. ಎರಡನೇದು? ಹನ್ನೊಂದು ವರ್ಷದಲ್ಲಿ ಅಮ್ಮನ ಶುಗರ್ ಚೀಟಿಗಳು ಒಂದು ಬ್ಯಾಗ್ ತುಂಬ ಇವೆ. ಎರಡು ವಾರದಿಂದ ಕೆಮ್ಮಿದೆಯಾ ಅಂತ ಕೇಳಿದ ಒಂದು ಸಾಲೂ ಅದರಲ್ಲಿಲ್ಲ. ಕೇಳೋಕೆ ದುಡ್ಡೇನೂ ಬೇಕಾಗಿಲ್ಲ.

ಅಮ್ಮ ಈಗ ಆರು ತಿಂಗಳು ಮುಗಿಸಿದಾರೆ. ಕಫ ನೆಗೆಟಿವ್. ಮತ್ತೆ ಸ್ವಲ್ಪ ದಪ್ಪ ಆಗಿದಾರೆ, ನನಗೆ ಅದೇ ಸಂತೋಷ. ಶುಗರ್ ಇರೋರಿಗೆ ಟಿಬಿ ಮರುಕಳಿಸೋ ಅಪಾಯ ಜಾಸ್ತಿ, ಅದಕ್ಕೆ ಮುಂದೆಯೂ ತೋರಿಸ್ತಾ ಇರಬೇಕು.

ಅಮ್ಮನ ಕಾಯಿಲೆ ಗೊತ್ತಾದಾಗ ಆಶಾ ಅಕ್ಕ ಮತ್ತೆ ಪುಸ್ತಕ ತೆಗೆದು ಕೂತ್ರು. ಮನೇಲಿ ಯಾರ್‍ಯಾರಿದ್ದೀರಿ? ಅದೇ ಪ್ರಶ್ನೆ. ಅಪ್ಪ, ನಾನು. ಈ ಸಲ ಇಬ್ಬರಿಗೂ ಶುಗರ್ ನೋಡಿದ್ರು. ಅಪ್ಪಂದು ಸರಿಯಾಗಿತ್ತು. ನನ್ನ ಎಚ್‌ಬಿಎ1ಸಿ 6.1. ನನಗೆ 27 ವರ್ಷ. 5.7ರಿಂದ 6.4ರವರೆಗೆ ಬಂದ್ರೆ ಹೊಸ್ತಿಲು ಅಂತ ಲೆಕ್ಕ. ಡೆಲಿವರಿ ಆ್ಯಪ್‌ನಲ್ಲಿ ರಾತ್ರಿ ಹನ್ನೊಂದಕ್ಕೆ ಏನೇನು ತರಿಸಿದೀನಿ ಅಂತ ಅವತ್ತು ಕೂತು ನೋಡಿದೆ. ಮೂರು ತಿಂಗಳಿನ ಪಟ್ಟಿ ಮುಗೀಲೇ ಇಲ್ಲ.

ಎಕ್ಸ್‌ರೇ ಸರಿಯಿತ್ತು, ಕಾಯಿಲೆ ಇಲ್ಲ. ಲಿವರ್ ಪರೀಕ್ಷೆ ಮಾಡಿಸ್ತೀರಾ ಅಂತ ಕೇಳ್ದೆ. ಆಶಾ ಅಕ್ಕ ನಕ್ಕು, "ಮಾಡಿಸೋಣ ಕಣಪ್ಪ, ನಿನ್ನ ಲಿವರ್ ನಮಗೂ ಬೇಕು" ಅಂದ್ರು. ಅದೂ ಸರಿಯಿತ್ತು. ನನಗೂ ಅಪ್ಪನಿಗೂ ಕೊಟ್ಟಿದ್ದು ವಾರಕ್ಕೊಮ್ಮೆ ತಗೊಳ್ಳೋ ಮಾತ್ರೆ, ಐಸೋನಿಯಾಜಿಡ್ ಮತ್ತು ರಿಫಾಪೆಂಟಿನ್. ಒಟ್ಟು 12 ವಾರ. ಮೊದಲೆಲ್ಲ ಆರು ತಿಂಗಳು ದಿನಾ ನುಂಗಬೇಕಿತ್ತು, ಈಗ ಇದೊಂದು ದಾರಿ ಇದೆ. ಹೊಟ್ಟೆ ತೊಳೆಸೋದು, ಕಣ್ಣು ಹಳದಿ ಆಗೋದು ಕಂಡ್ರೆ ತಕ್ಷಣ ಬಂದು ಹೇಳಿ ಅಂದಿದಾರೆ. ಎರಡನೇ ವಾರ ಸ್ವಲ್ಪ ಮೈಕೈ ನೋವಾಯ್ತು, ಅಷ್ಟೇ.

ಯಾವ ವಾರ ತಗೊಳ್ತೀರಾ ಅಂದಾಗ ಅಮ್ಮನೇ ಹೇಳಿದ್ರು, "ಶನಿವಾರ ಮಾಡ್ಕೊಳ್ಳಿ, ಮರೆಯಲ್ಲ. ದೇವಸ್ಥಾನದ ಮೈಕ್ ಎದ್ದೇಳಿಸುತ್ತೆ." ಹಾಗೇ ಆಗಿದೆ. ಮೈಕ್ ಶುರುವಾದಾಗ ಅಮ್ಮ ಎರಡು ಲೋಟ ನೀರು, ಎರಡು ತಟ್ಟೇಲಿ ಮಾತ್ರೆ ತಂದು ಮುಂದೆ ಇಡ್ತಾರೆ, ನುಂಗೋವರೆಗೂ ನಿಂತಿರ್ತಾರೆ. ಅಪ್ಪ ಬೇಗ ನುಂಗಿಬಿಡ್ತಾರೆ. ನಾನು ಒಂದೊಂದಾಗಿ.

ಮೊನ್ನೆಗೆ ಒಂಬತ್ತನೇ ಶನಿವಾರ ಆಯ್ತು. ಇನ್ನು ಮೂರಿದೆ.